ನಕ್ಷೆಯಲ್ಲಿ ವಿಮಾನ ಕಾಣದಿದ್ದಾಗ: ಮನೆಯ ಎಡಿಎಸ್-ಬಿ ರಿಸೀವರ್‌ನ ದೋಷ ಹುಡುಕುವ ಬಗೆ

ವಿಮಾನಗಳು ತಮ್ಮ ಸ್ಥಾನ, ಎತ್ತರ, ವೇಗವನ್ನು ತಾವಾಗಿಯೇ ರೇಡಿಯೋದಲ್ಲಿ ಹೇಳುತ್ತಿರುತ್ತವೆ, ಈ ವ್ಯವಸ್ಥೆಯ ಹೆಸರೇ ಎಡಿಎಸ್-ಬಿ. ರಾಸ್ಪ್‌ಬೆರಿ ಪೈಯಂಥ ಒಂದು ಸಣ್ಣ ಕಂಪ್ಯೂಟರ್, ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್ ಆದ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಒಂದು ಪುಟ್ಟ ಆಂಟೆನಾ. ಇಷ್ಟು ಸೇರಿದರೆ ನೂರಾರು ಕಿಲೋಮೀಟರ್ ದೂರದ ವಿಮಾನ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಆದರೆ ಎಲ್ಲ ಜೋಡಿಸಿ ಬ್ರೌಸರ್ ತೆರೆದರೆ ಒಮ್ಮೊಮ್ಮೆ ನಕ್ಷೆ ಖಾಲಿ ಇರುತ್ತದೆ. ಅಥವಾ ಎರಡು ವಿಮಾನ ಕಂಡು ಮಾಯವಾಗುತ್ತವೆ. ಅಥವಾ ರಾತ್ರಿ ಚೆನ್ನಾಗಿ ಓಡುತ್ತಿದ್ದದ್ದು ಬೆಳಿಗ್ಗೆ ನಿಂತಿರುತ್ತದೆ.

ಆಗ ಹೆಚ್ಚಿನವರು ಮೊದಲು ಕೈ ಹಾಕುವುದು ಆಂಟೆನಾಗೆ. ಇಲ್ಲವೇ ಆಂಪ್ಲಿಫೈಯರ್ ತರಿಸುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ ದಾರಿ. ವಿಮಾನದಿಂದ ಪರದೆಯವರೆಗೆ ಸಿಗ್ನಲ್ ಬರುವ ದಾರಿ ಉದ್ದ. ಆ ದಾರಿಯ ನಟ್ಟನಡುವೆ ಒಂದು ಎಣಿಕೆ ಸಿಗುತ್ತದೆ. ಡಿಕೋಡರ್, ಅಂದರೆ ಡಾಂಗಲ್ ಹಿಡಿದ ಸಿಗ್ನಲನ್ನು ಮೆಸೇಜ್ ಆಗಿ ಬಿಡಿಸುವ ಪ್ರೋಗ್ರಾಂ, ಸೆಕೆಂಡಿಗೆ ಎಷ್ಟು ಮೆಸೇಜ್ ಓದುತ್ತಿದೆ ಅನ್ನುವುದೇ ಆ ಎಣಿಕೆ. ಅದೊಂದನ್ನು ನೋಡಿದರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಹಾಗಾಗಿ ಏನನ್ನೂ ಬಿಚ್ಚುವ ಮೊದಲು, ಏನನ್ನೂ ಕೊಳ್ಳುವ ಮೊದಲು, ಅಲ್ಲಿಂದ ಶುರು ಮಾಡಿ.

ಮೊದಲು ಎಣಿಕೆ

ವಿಮಾನಗಳ ನಕ್ಷೆ ತೋರಿಸುವ ಟಾರ್1090 ಪುಟದ ಬಲಗಡೆ ಪಟ್ಟಿಯಲ್ಲಿ ಸೆಕೆಂಡಿಗೆ ಎಷ್ಟು ಮೆಸೇಜ್ ಅನ್ನುವ ಸಂಖ್ಯೆ ಇರುತ್ತದೆ. ಪುಟವೇ ತೆರೆಯದಿದ್ದರೂ ಚಿಂತೆಯಿಲ್ಲ. ನಿಮ್ಮ ಡಿಕೋಡರ್ (ರೀಡ್‌ಎಸ್‌ಬಿ ಅಥವಾ ಡಂಪ್1090) ತನ್ನ ರನ್ ಫೋಲ್ಡರ್‌ನಲ್ಲಿ ವಿಮಾನಗಳ ಜೇಸನ್ ಫೈಲ್ ಬರೆಯುತ್ತಲೇ ಇರುತ್ತದೆ. ಅದರಲ್ಲಿ ಒಟ್ಟು ಮೆಸೇಜ್ ಎಷ್ಟು ಅಂತ ಒಂದು ಸಾಲಿದೆ. ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ಓದಿ. ಸಂಖ್ಯೆ ಏರಿದ್ದರೆ ಡಾಂಗಲ್, ಡ್ರೈವರ್, ಡಿಕೋಡರ್ ಮೂರೂ ಬದುಕಿವೆ ಅಂತ ಅರ್ಥ. ಏರದಿದ್ದರೆ ನಕ್ಷೆ, ವೆಬ್ ಸರ್ವರ್, ಇಂಟರ್ನೆಟ್ ಕಡೆ ತಿರುಗಿಯೂ ನೋಡಬೇಡಿ.

ಎಷ್ಟು ಏರಬೇಕು? ಎಡಿಎಸ್-ಬಿ ಇರುವ ವಿಮಾನ ಹಾರುತ್ತಿರುವಾಗ 1090 ಮೆಗಾಹರ್ಟ್ಸ್‌ನಲ್ಲಿ ತನ್ನ ಸ್ಥಾನವನ್ನು ಸೆಕೆಂಡಿಗೆ ಸುಮಾರು ಎರಡು ಸಲ ಹೇಳುತ್ತದೆ. ವೇಗವನ್ನೂ ಎರಡು ಸಲ. ತನ್ನ ಕರೆ ಹೆಸರನ್ನು (ಕಾಲ್‌ಸೈನ್) ಐದು ಸೆಕೆಂಡಿಗೊಮ್ಮೆ. ಅಂದರೆ ಹತ್ತಿರದಲ್ಲಿ ಒಂದೇ ಒಂದು ವಿಮಾನವಿದ್ದರೂ ಎಣಿಕೆ ಸೆಕೆಂಡಿಗೆ ನಾಲ್ಕೈದು ಏರಬೇಕು. ಹತ್ತು ವಿಮಾನ ಕಾಣುವಾಗ ಎಣಿಕೆ ಮೂರಕ್ಕೋ ನಾಲ್ಕಕ್ಕೋ ನಿಂತಿದ್ದರೆ ಮೆಸೇಜ್‌ಗಳು ಬಹಳ ಕಳೆದುಹೋಗುತ್ತಿವೆ.

ಆಕಾಶದಲ್ಲಿ ನಿಜಕ್ಕೂ ವಿಮಾನ ಇದೆಯಾ ಅಂತಲೂ ಖಚಿತ ಮಾಡಿಕೊಳ್ಳಿ. ಯಾವುದಾದರೂ ಸಾರ್ವಜನಿಕ ಟ್ರ್ಯಾಕಿಂಗ್ ಸೈಟ್ ನೋಡಿದರೆ ಸಾಕು. ಆದರೆ ಅಲ್ಲಿ ಕಂಡ ವಿಮಾನವೆಲ್ಲ ನಿಮ್ಮಲ್ಲೂ ಕಾಣಬೇಕು ಅಂತೇನಿಲ್ಲ. ಅವರಿಗೆ ಸಾವಿರಾರು ಜನರ ರಿಸೀವರ್‌ಗಳಿಂದ ಮಾಹಿತಿ ಬರುತ್ತದೆ.

ಎಣಿಕೆ ಸೊನ್ನೆಯಾದರೆ

ಲಿನಕ್ಸ್‌ಗೆ ಡಾಂಗಲ್ ಕಾಣುತ್ತಿದೆಯಾ ನೋಡಿ. ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ರಿಯಲ್‌ಟೆಕ್ ಅನ್ನುವ ಹೆಸರಿನ ಸಾಲು ಬರಬೇಕು. ಅದರ ಗುರುತಿನ ಕೊನೆಗೆ ಸಾಮಾನ್ಯವಾಗಿ 2838 ಅಥವಾ 2832 ಇರುತ್ತದೆ. ಸಾಲೇ ಇಲ್ಲ ಅಂದರೆ ಯುಎಸ್‌ಬಿ ಪೋರ್ಟ್ ಬದಲಿಸಿ, ಎಕ್ಸ್‌ಟೆನ್ಷನ್ ಕೇಬಲ್ ತೆಗೆದು ನೇರವಾಗಿ ಚುಚ್ಚಿ, ಬೇರೆ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ. ಅಲ್ಲೂ ಕಾಣದಿದ್ದರೆ ಡಾಂಗಲ್ ಹೋಗಿದೆ.

ಡಾಂಗಲ್ ಕಾಣುತ್ತದೆ, ಆದರೂ ಡಿಕೋಡರ್ ಶುರುವಾಗುವುದಿಲ್ಲ. ಲಾಗ್‌ನಲ್ಲಿ ಇಂಟರ್‌ಫೇಸ್ ಸಿಗಲಿಲ್ಲ, ಎರರ್ ಮೈನಸ್ 6 ಅಂತ ಬಂದಿದೆ. ಇದರ ಅರ್ಥ ಸರಳ: ಡಾಂಗಲನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ. ಆ ಯಾರೋ ಹೆಚ್ಚಾಗಿ ಲಿನಕ್ಸ್ ಕರ್ನೆಲ್ಲೇ. ಈ ಡಾಂಗಲ್‌ಗಳ ಒಳಗಿರುವ ಆರ್‌ಟಿಎಲ್2832ಯು ಚಿಪ್ ಡಿಜಿಟಲ್ ಟಿವಿ ನೋಡಲೆಂದು ಮಾಡಿದ್ದು. ಚುಚ್ಚಿದ ಕೂಡಲೇ ಕರ್ನೆಲ್ ಅದನ್ನು ಟಿವಿ ಟ್ಯೂನರ್ ಅಂತ ತಿಳಿದು ತನ್ನ ಡಿವಿಬಿ ಡ್ರೈವರ್ ಹಾಕಿಬಿಡುತ್ತದೆ. ಆ ಡ್ರೈವರ್ ಹೆಸರನ್ನು ಬ್ಲ್ಯಾಕ್‌ಲಿಸ್ಟ್ (ಹಾಕಬಾರದ ಡ್ರೈವರ್‌ಗಳ) ಫೈಲ್‌ಗೆ ಸೇರಿಸಿ ರೀಬೂಟ್ ಮಾಡಿದರೆ ಮುಗಿಯಿತು. ಆಮೇಲೂ ಅದೇ ಎರರ್ ಬಂದರೆ ಎರಡು ಡಿಕೋಡರ್ ಒಟ್ಟಿಗೆ ಓಡುತ್ತಿವೆ. ಹಳೆಯ ಡಂಪ್1090 ತೆಗೆಯದೆ ಹೊಸದಾಗಿ ರೀಡ್‌ಎಸ್‌ಬಿ ಹಾಕಿಕೊಂಡವರಿಗೆ ಇದು ತುಂಬಾ ಸಾಮಾನ್ಯ. ಒಂದು ಡಾಂಗಲ್ ಒಂದೇ ಪ್ರೋಗ್ರಾಮಿಗೆ ಸಿಗುತ್ತದೆ. ಪರೀಕ್ಷೆಗಾಗಿ ಆರ್‌ಟಿಎಲ್-ಟೆಸ್ಟ್ ಓಡಿಸುವಾಗಲೂ ಮೊದಲು ಡಿಕೋಡರ್ ನಿಲ್ಲಿಸಬೇಕು.

ಡಿಕೋಡರ್ ಓಡುತ್ತಿದೆ, ಎರರ್ ಯಾವುದೂ ಇಲ್ಲ, ಆದರೂ ಸೊನ್ನೆ. ಈಗ ಆಂಟೆನಾ ಕಡೆ ಹೋಗುವ ಸರದಿ. ಡಾಂಗಲ್ ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನ ವಿ4 ಆಗಿದ್ದರೆ ಮಾತ್ರ ಒಂದು ನಿಮಿಷ ನಿಲ್ಲಿ. ಅದರ ಟ್ಯೂನರ್ ಚಿಪ್ ಬೇರೆ, ಆರ್828ಡಿ. ಅದಕ್ಕೆ ಹೊಸ ಡ್ರೈವರ್ ಬೇಕು. ಹಳೆ ಡ್ರೈವರ್‌ನಲ್ಲಿ ಪ್ರೋಗ್ರಾಂ ಶುರುವಾಗುತ್ತದೆ, ಟ್ಯೂನ್ ಮಾತ್ರ ಸರಿಯಾಗಿ ಆಗುವುದಿಲ್ಲ.

ಆಂಟೆನಾ ಕನೆಕ್ಟರನ್ನು ಬಿಚ್ಚಿ ಬೆಳಕಿನಲ್ಲಿ ಹಿಡಿದು ನೋಡಿ. ಎಸ್‌ಎಂಎ ಕನೆಕ್ಟರ್‌ಗಳಲ್ಲಿ ಒಂದರ ನಡುವೆ ಸೂಜಿಯಂಥ ಪಿನ್ ಇರಬೇಕು, ಇನ್ನೊಂದರ ನಡುವೆ ಅದು ಕೂರುವ ತೂತು. ವೈಫೈ ಸಾಮಾನಿಗೆ ಬಳಸುವ ಆರ್‌ಪಿ-ಎಸ್‌ಎಂಎ ಹೊರಗಿನಿಂದ ಹಾಗೇ ಕಾಣುತ್ತದೆ, ಥ್ರೆಡ್ಡೂ ಒಂದೇ, ಆದರೆ ಪಿನ್ ಮತ್ತು ತೂತು ಅದಲುಬದಲು. ಒಂದು ಎಸ್‌ಎಂಎ, ಒಂದು ಆರ್‌ಪಿ-ಎಸ್‌ಎಂಎ ಸೇರಿದರೆ ಎರಡೂ ಕಡೆ ತೂತು ಬರಬಹುದು. ತಿರುಗಿಸಿದರೆ ಬಿಗಿಯಾಗಿ ಕೂರುತ್ತದೆ, ಕೈಗೆ ಎಲ್ಲ ಸರಿ ಅನಿಸುತ್ತದೆ, ಒಳಗೆ ಮಾತ್ರ ತಂತಿಗೆ ತಂತಿ ಮುಟ್ಟಿರುವುದಿಲ್ಲ. ಎರಡೂ ಕಡೆ ಪಿನ್ ಇದ್ದರಂತೂ ಬಲವಂತ ಮಾಡಲೇಬೇಡಿ, ಪಿನ್ ಮುರಿಯುತ್ತದೆ. ಮಲ್ಟಿಮೀಟರ್ ಇದ್ದರೆ ಕೇಬಲ್‌ನ ಎರಡು ತುದಿಯ ನಡುತಂತಿಗಳ ನಡುವೆ ಬೀಪ್ ಬರುತ್ತದಾ ನೋಡಿ. ಕೇಬಲ್ ಒಂದನ್ನೇ ಬಿಡಿಯಾಗಿ ಹಿಡಿದಾಗ ನಡುತಂತಿಗೂ ಹೊರ ಜಾಲರಿಗೂ ನಡುವೆ ಬೀಪ್ ಬರಬಾರದು. ಆಂಟೆನಾ ಸೇರಿಸಿದ ಮೇಲೆ ಬಂದರೆ ಅದು ತಪ್ಪಲ್ಲ. ಎಷ್ಟೋ ಆಂಟೆನಾಗಳ ವಿನ್ಯಾಸವೇ ಹಾಗಿರುತ್ತದೆ.

ಇದೇ ಜಾಗದಲ್ಲಿ ಆಂಪ್ಲಿಫೈಯರ್‌ನದ್ದೂ ಒಂದು ವಿಷಯವಿದೆ. ಕೇಬಲ್ ಮೂಲಕವೇ ಕರೆಂಟ್ ಪಡೆಯುವ ಎಲ್‌ಎನ್‌ಎ (ಕಡಿಮೆ ಗದ್ದಲದ ಆಂಪ್ಲಿಫೈಯರ್) ಹಾಕಿದ್ದರೆ ಬಯಾಸ್-ಟೀ (ಡಾಂಗಲ್‌ನಿಂದ ಕೇಬಲ್‌ಗೆ ಕರೆಂಟ್ ಕೊಡುವ ಸೌಲಭ್ಯ) ಆನ್ ಆಗಿರಲೇಬೇಕು. ಕರೆಂಟ್ ಸಿಗದ ಆಂಪ್ಲಿಫೈಯರ್ ಸುಮ್ನೆ ಸಿಗ್ನಲ್ ಬಿಟ್ಟುಕೊಡುವುದಿಲ್ಲ, ಅಡ್ಡ ಗೋಡೆಯಾಗಿ ನಿಲ್ಲುತ್ತದೆ. ಅನುಮಾನ ಬಂದರೆ ಅದನ್ನು ತೆಗೆದು ಆಂಟೆನಾವನ್ನು ನೇರವಾಗಿ ಡಾಂಗಲ್‌ಗೆ ಕೊಡಿ. ಹಾಗೆ ತೆಗೆಯುವ ಮೊದಲು ಬಯಾಸ್-ಟೀ ಆಫ್ ಮಾಡಿ. ಈಗಷ್ಟೇ ಹೇಳಿದ ಬೀಪ್ ಬರುವ ಆಂಟೆನಾಗೆ ಅದನ್ನು ಆನ್ ಇಟ್ಟು ಸೇರಿಸಿದರೆ ಶಾರ್ಟ್ ಆಗುತ್ತದೆ.

ಮೆಸೇಜ್ ಬರುತ್ತಿವೆ, ನಕ್ಷೆಯಲ್ಲಿ ಏನಿಲ್ಲ

ಪಟ್ಟಿ ತೆರೆದು ಒಂದೇ ಒಂದು ಸಾಲನ್ನು ಗಮನವಿಟ್ಟು ನೋಡಿ. ವಿಮಾನದ ಗುರುತಾದ ಆರು ಅಕ್ಷರದ ಹೆಕ್ಸ್ ಕೋಡ್ ಇದೆ, ಎತ್ತರ ಇದೆ, ವೇಗದ ಜಾಗ ಖಾಲಿ, ಸ್ಥಾನದ ಜಾಗವೂ ಖಾಲಿ. ಅಕ್ಕಪಕ್ಕದ ಸಾಲುಗಳಲ್ಲಿ ಸ್ಥಾನ ಇದೆ. ಹಾಗಿದ್ದರೆ ನಿಮ್ಮ ಕಡೆ ಏನೂ ಕೆಟ್ಟಿಲ್ಲ. ಆ ವಿಮಾನ ಬರೀ ಮೋಡ್-ಎಸ್ ಉತ್ತರ (ರಾಡಾರ್ ಕೇಳಿದ್ದಕ್ಕೆ ಕೊಡುವ ಉತ್ತರ) ಕೊಡುತ್ತಿದೆ, ತನ್ನ ಸ್ಥಾನ ಹೇಳುತ್ತಿಲ್ಲ.

ಎಲ್ಲ ಸಾಲುಗಳಲ್ಲೂ ವೇಗ, ಕರೆ ಹೆಸರು ಬಂದು ಸ್ಥಾನ ಮಾತ್ರ ಖಾಲಿ ಇದ್ದರೆ ಅದು ಬೇರೆ ಕತೆ. ನೀವು ಕೊಟ್ಟಿರುವ ರಿಸೀವರ್‌ನ ಅಕ್ಷಾಂಶ, ರೇಖಾಂಶ ನೋಡಿ. ಅದಲುಬದಲಾಗಿದೆಯಾ? ದಕ್ಷಿಣಕ್ಕೋ ಪಶ್ಚಿಮಕ್ಕೋ ಹಾಕಬೇಕಾದ ಮೈನಸ್ ಬಿಟ್ಟುಹೋಗಿದೆಯಾ? ಡಿಕೋಡರ್ ಪ್ರತಿ ಸ್ಥಾನವನ್ನೂ ನಿಮ್ಮ ಜಾಗದಿಂದ ಅಳೆದು ನೋಡುತ್ತದೆ. ಸಾಮಾನ್ಯ ಮಿತಿ 300 ನಾಟಿಕಲ್ ಮೈಲು. ಅದಕ್ಕಿಂತ ದೂರ ಬಂದರೆ ಇದು ಆಗದ ಮಾತು ಅಂತ ತಳ್ಳಿಹಾಕುತ್ತದೆ. ನಿಮ್ಮ ಜಾಗವೇ ಬೇರೆ ಖಂಡದಲ್ಲಿದ್ದರೆ ತಲೆ ಮೇಲಿನ ವಿಮಾನವೂ ಆಗದ ಮಾತೇ ಆಗುತ್ತದೆ. ಇದಕ್ಕೆ ಯಾವ ಎರರ್ರೂ ಬರುವುದಿಲ್ಲ. ಅದಕ್ಕೇ ಜನ ಇಲ್ಲಿ ಗಂಟೆಗಟ್ಟಲೆ ಒದ್ದಾಡುತ್ತಾರೆ.

ಕೆಲವು ವಿಮಾನಕ್ಕೆ ಸ್ಥಾನ ತಡವಾಗಿ ಬರುವುದಕ್ಕೂ ಕಾರಣವಿದೆ. ಸ್ಥಾನವನ್ನು ಸಮ ಮತ್ತು ಬೆಸ ಅನ್ನುವ ಎರಡು ಬಗೆಯ ಮೆಸೇಜ್‌ಗಳಲ್ಲಿ ಹಂಚಿ ಕಳಿಸುತ್ತಾರೆ. ಮೊದಲ ಸಲ ಸ್ಥಾನ ಲೆಕ್ಕ ಹಾಕಲು ಸಾಮಾನ್ಯವಾಗಿ ಎರಡೂ ಹತ್ತಿರ ಹತ್ತಿರದಲ್ಲಿ ಸಿಗಬೇಕು. ಸಿಗ್ನಲ್ ಬಡವಾಗಿದ್ದರೆ ಒಂದು ಸಿಕ್ಕು ಇನ್ನೊಂದು ತಪ್ಪುತ್ತದೆ.

ಪಟ್ಟಿಯಲ್ಲಿ ಸ್ಥಾನವೂ ಇದೆ, ವಿಮಾನದ ಚಿತ್ರ ಓಡಾಡುತ್ತಿದೆ, ಹಿನ್ನೆಲೆ ಮಾತ್ರ ಬೂದು ಬಣ್ಣ. ನಕ್ಷೆಯ ಚಿತ್ರಗಳು ಇಂಟರ್ನೆಟ್‌ನಿಂದ ಬರುತ್ತವೆ, ಅದು ಕಡಿದಿದೆ ಅಷ್ಟೇ. ಪುಟವೇ ತೆರೆಯದಿದ್ದರೆ ವೆಬ್ ಸರ್ವರ್ (ಲೈಟ್‌ಟಿಪಿಡಿ ಅಥವಾ ಎಂಜಿನ್‌ಎಕ್ಸ್) ಓಡುತ್ತಿದೆಯಾ, ಅದರ ಪೋರ್ಟನ್ನು ಇನ್ನೊಂದು ಪ್ರೋಗ್ರಾಂ ಹಿಡಿದಿದೆಯಾ ನೋಡಿ.

ವಿಮಾನ ಕಾಣುತ್ತವೆ, ಆದರೆ ಹತ್ತಿರದವು ಮಾತ್ರ

ಈ ದೂರು ಎಲ್ಲಕ್ಕಿಂತ ಜಾಸ್ತಿ. ಹಣ ಸುಮ್ನೆ ಖರ್ಚಾಗುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ನಿಮಗೆ ಎಷ್ಟು ದೂರ ಸಿಗಲು ಸಾಧ್ಯ ಅಂತ ಗೊತ್ತಿರಬೇಕು. 1090 ಮೆಗಾಹರ್ಟ್ಸ್ ಹೆಚ್ಚುಕಡಿಮೆ ನೇರ ನೋಟದಲ್ಲೇ ಸಾಗುತ್ತದೆ. ಭೂಮಿ ಬಾಗಿರುವುದರಿಂದ ಅದಕ್ಕೊಂದು ಕೊನೆಯಿದೆ. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ನಲ್ಲಿ ದಿಗಂತದ ದೂರ ಬರುತ್ತದೆ. ವಿಮಾನದ್ದು, ಆಂಟೆನಾದ್ದು ಎರಡನ್ನೂ ಕೂಡಿಸಬೇಕು. ವಿಮಾನ 11,000 ಮೀಟರ್‌ನಲ್ಲಿ, ಆಂಟೆನಾ 10 ಮೀಟರ್‌ನಲ್ಲಿ ಇದ್ದರೆ ಸುಮಾರು 445 ಕಿಲೋಮೀಟರ್. ಅದೇ ವಿಮಾನ ಇಳಿಯುತ್ತಾ 300 ಮೀಟರ್‌ಗೆ ಬಂದಾಗ 85 ಕಿಲೋಮೀಟರ್ ಕೂಡ ದಾಟುವುದಿಲ್ಲ. ದೂರದ ನಿಲ್ದಾಣದಲ್ಲಿ ಇಳಿಯುವ ವಿಮಾನ ನೆಲ ಮುಟ್ಟುವ ಮೊದಲೇ ಮಾಯವಾದರೆ ಅದು ದೋಷವಲ್ಲ.

ಈಗ ಆಂಟೆನಾದ ಸುತ್ತ ನೋಡಿ. 11,000 ಮೀಟರ್ ಎತ್ತರದ ವಿಮಾನ 100 ಕಿಲೋಮೀಟರ್ ದೂರದಲ್ಲಿದ್ದಾಗ ದಿಗಂತದಿಂದ ಬರೀ 6 ಡಿಗ್ರಿ ಮೇಲಿರುತ್ತದೆ. 200 ಕಿಲೋಮೀಟರ್‌ನಲ್ಲಿ ಎರಡೂವರೆ ಡಿಗ್ರಿ. 300ರಲ್ಲಿ ಒಂದು ಡಿಗ್ರಿ ಚಿಲ್ಲರೆ. ನಿಮ್ಮ ಆಂಟೆನಾದಿಂದ 20 ಮೀಟರ್ ಆಚೆ, ಆಂಟೆನಾಗಿಂತ 2 ಮೀಟರ್ ಎತ್ತರದ ಗೋಡೆ ಇದೆ ಅಂದುಕೊಳ್ಳಿ. ಅದೊಂದೇ ಹತ್ತಿರಹತ್ತಿರ 6 ಡಿಗ್ರಿ ಮುಚ್ಚಿತು. ಆ ದಿಕ್ಕಿನಲ್ಲಿ 100 ಕಿಲೋಮೀಟರ್ ಆಚೆಗಿನದ್ದೆಲ್ಲ ಗೋಡೆ ಹಿಂದೆ ಹೋಯಿತು. ಯಾವ ಆಂಪ್ಲಿಫೈಯರ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಆಂಟೆನಾವನ್ನು ಎರಡು ಮೀಟರ್ ಮೇಲೆತ್ತಿದರೆ ಬರುತ್ತದೆ.

ಇದನ್ನು ಊಹಿಸಬೇಕಾಗಿಯೂ ಇಲ್ಲ. ಟಾರ್1090ರಲ್ಲಿ ನಿಮ್ಮ ರಿಸೀವರ್ ನಿಜವಾಗಿ ಮುಟ್ಟಿದ ದೂರವನ್ನು ಗೆರೆಯಾಗಿ ತೋರಿಸುವ ಸೌಲಭ್ಯವಿದೆ. ಒಂದು ಇಡೀ ದಿನ ಓಡಲು ಬಿಟ್ಟು ಆ ಗೆರೆ ನೋಡಿ. ಒಂದೆರಡು ದಿಕ್ಕಿನಲ್ಲಿ ಮಾತ್ರ ಒಳಗೆ ಬಾಗಿದ್ದರೆ ಅಲ್ಲಿ ಅಡ್ಡ ಏನೋ ಇದೆ, ಅಥವಾ ಆ ಕಡೆ ವಿಮಾನ ಹಾರುವ ದಾರಿಯೇ ಇಲ್ಲ. ಸುತ್ತಲೂ ಒಂದೇ ಸಮ ಕುಗ್ಗಿದ್ದರೆ ದೋಷ ಇರುವುದು ಕೇಬಲ್‌ನಲ್ಲಿ, ಗೇನ್‌ನಲ್ಲಿ (ಸಿಗ್ನಲನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವ ಸೆಟ್ಟಿಂಗ್) ಅಥವಾ ಗದ್ದಲದಲ್ಲಿ (ಬೇಡದ ರೇಡಿಯೋ ಸದ್ದು).

ಕೇಬಲ್ ವಿಷಯ. ಡಾಂಗಲ್ ಜೊತೆ ಬರುವ ತೆಳ್ಳನೆಯ ಆರ್‌ಜಿ-174 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಸುಮಾರು 1 ಡಿಬಿ ತಿನ್ನುತ್ತದೆ. ಹತ್ತು ಮೀಟರ್ ಎಳೆದರೆ ಬಂದ ಶಕ್ತಿಯಲ್ಲಿ ಹತ್ತನೇ ಒಂದು ಭಾಗ ಉಳಿಯುತ್ತದೆ. ಅದಕ್ಕಿಂತ ಟಿವಿ ಡಿಶ್‌ಗೆ ಹಾಕುವ ಆರ್‌ಜಿ-6 ಎಷ್ಟೋ ವಾಸಿ. ಅದು 75 ಓಮ್, ಡಾಂಗಲ್ 50 ಓಮ್, ಹೊಂದುವುದಿಲ್ಲ ಅಂತ ಹೆದರುವವರಿದ್ದಾರೆ. ಆ ಹೊಂದಾಣಿಕೆಯ ನಷ್ಟ ಒಂದು ಸಂದಿಗೆ 0.2 ಡಿಬಿಯಷ್ಟು ಮಾತ್ರ. ಧೈರ್ಯವಾಗಿ ಬಳಸಿ. ಇನ್ನೂ ಒಳ್ಳೆ ಉಪಾಯ ಅಂದರೆ ಪೈಯನ್ನೇ ಆಂಟೆನಾ ಹತ್ತಿರ ಒಯ್ದು, ಉದ್ದ ಎಳೆಯಬೇಕಾದ್ದನ್ನು ನೆಟ್‌ವರ್ಕ್ ಕೇಬಲ್‌ನಲ್ಲಿ ಎಳೆಯುವುದು.

ಎಲ್‌ಎನ್‌ಎ ಹಾಕುವುದೇ ಆದರೆ ಆಂಟೆನಾ ತುದಿಯಲ್ಲಿ ಹಾಕಿ. ಡಾಂಗಲ್ ತುದಿಯಲ್ಲಿ ಹಾಕಿದರೆ ಕೇಬಲ್ ತಿಂದು ಉಳಿದದ್ದನ್ನು ಗದ್ದಲದ ಸಮೇತ ದೊಡ್ಡದು ಮಾಡಿದಂತಾಗುತ್ತದೆ.

ಇನ್ನು ಗೇನ್. ಜಾಸ್ತಿ ಗೇನ್ ಇಟ್ಟರೆ ಜಾಸ್ತಿ ದೂರ ಅನ್ನುವುದು ಸರಿಯಲ್ಲ. ಡಾಂಗಲ್‌ನ ಅನಲಾಗ್-ಟು-ಡಿಜಿಟಲ್ ಭಾಗ ಬರೀ 8 ಬಿಟ್. ಸಣ್ಣ ಸದ್ದೂ ಹಿಡಿಯಬೇಕು, ದೊಡ್ಡ ಸದ್ದಿಗೆ ಕಿವುಡೂ ಆಗಬಾರದು ಅಂದರೆ ಅದಕ್ಕೆ ಕಷ್ಟ. ಗೇನ್ ಅತಿಯಾದಾಗ ಹತ್ತಿರದ ವಿಮಾನದ ಸಿಗ್ನಲ್ ಕತ್ತರಿಸಿಹೋಗುತ್ತದೆ. ತಮಾಷೆಯಂತೆ ಕಾಣುವ ಲಕ್ಷಣವೊಂದಿದೆ: ದೂರದ ವಿಮಾನ ಕಾಣುತ್ತದೆ, ತಲೆ ಮೇಲಿನದು ತಪ್ಪಿಹೋಗುತ್ತದೆ. ಡಿಕೋಡರ್ ಬರೆಯುವ ಅಂಕಿಅಂಶದ ಫೈಲ್‌ನಲ್ಲಿ ಜೋರಾದ ಸಿಗ್ನಲ್‌ಗಳ ಲೆಕ್ಕ ಇರುತ್ತದೆ. ಮೈನಸ್ 3 ಡಿಬಿಎಫ್‌ಎಸ್‌ಗಿಂತ (ಡಾಂಗಲ್ ಅಳೆಯಬಲ್ಲ ಗರಿಷ್ಠ ಮಟ್ಟವೇ ಸೊನ್ನೆ) ಮೇಲಿರುವ ಮೆಸೇಜ್‌ಗಳು ಒಟ್ಟಿನಲ್ಲಿ ಶೇಕಡ 5 ದಾಟಿದರೆ ಗೇನ್ ಒಂದು ಮೆಟ್ಟಿಲು ಇಳಿಸಿ. ಒಂದೂ ಇಲ್ಲದಿದ್ದರೆ ಏರಿಸಿ. ಆರ್820ಟಿ2 ಟ್ಯೂನರ್‌ನಲ್ಲಿ ಮೇಲಿನ ಮೆಟ್ಟಿಲುಗಳು 49.6, 48.0, 44.5, 43.9 ಹೀಗೆ ಇಳಿಯುತ್ತವೆ.

ಗೇನ್ ಬದಲಿಸಿ ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬರಬೇಡಿ. ಗಂಟೆಗೊಂದು ರೀತಿ ವಿಮಾನ ಹಾರುತ್ತವೆ. ಇವತ್ತಿನ ಸಂಜೆಯನ್ನು ನಾಳೆಯ ಸಂಜೆ ಜೊತೆ ಹೋಲಿಸಿ, ಅದೂ ಒಟ್ಟು ಮೆಸೇಜ್ ಅಲ್ಲ, ಒಂದು ವಿಮಾನಕ್ಕೆ ಎಷ್ಟು ಮೆಸೇಜ್ ಅಂತ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆಂಟೆನಾ, ಗೇನ್, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೆ ಗೊತ್ತಾಗಬೇಕು, ಅಲ್ವಾ?

ಗದ್ದಲದ ಮಟ್ಟವೂ ಅದೇ ಫೈಲ್‌ನಲ್ಲಿ ಸಿಗುತ್ತದೆ. ಗೇನ್ ಮುಟ್ಟದೆ ಗದ್ದಲ ಏಕಾಏಕಿ ಏರಿದ್ದರೆ ಹತ್ತಿರದ ಯಾವುದೋ ಸಾಮಾನು ಕಾರಣ. ಅಗ್ಗದ ಪವರ್ ಅಡಾಪ್ಟರ್, ಎಲ್‌ಇಡಿ ದೀಪ, ಯುಎಸ್‌ಬಿ 3 ಡಿಸ್ಕ್ ಇವೆಲ್ಲ ಅನುಮಾನದ ಪಟ್ಟಿಯಲ್ಲಿವೆ. ಒಂದೊಂದಾಗಿ ಆರಿಸಿ ನೋಡಿ. ಪಕ್ಕದಲ್ಲೇ ಮೊಬೈಲ್ ಟವರ್ ಇದ್ದರೆ 800, 900 ಮೆಗಾಹರ್ಟ್ಸ್‌ನ ಜೋರು ಸಿಗ್ನಲ್ ಡಾಂಗಲನ್ನು ತುಂಬಿಬಿಡುತ್ತದೆ. ಅದಕ್ಕೆ ಮದ್ದು 1090ರ ಫಿಲ್ಟರ್. ಟವರ್ ತೀರಾ ಹತ್ತಿರವಿದ್ದರೆ ಫಿಲ್ಟರ್ ಮೊದಲು, ಎಲ್‌ಎನ್‌ಎ ಆಮೇಲೆ. ಫಿಲ್ಟರ್ ತಾನೂ ಒಂದೆರಡು ಡಿಬಿ ತಿನ್ನುತ್ತದೆ ನಿಜ, ಆದರೆ ಅಲ್ಲಿ ಆ ನಷ್ಟ ಲಾಭವೇ.

ಆಂಟೆನಾ ಲಂಬವಾಗಿ ನಿಂತಿರಬೇಕು ಅನ್ನುವುದನ್ನು ಹೇಳದೆ ಬಿಡಬಾರದು. ಮಲಗಿಸಿದರೆ ಬಹಳ ಕಳೆದುಕೊಳ್ಳುತ್ತೀರಿ. 1090ರ ತರಂಗದ ಉದ್ದ 27.5 ಸೆಂಟಿಮೀಟರ್, ಕಾಲು ತರಂಗ 6.9. ಎಳೆದು ಉದ್ದ ಮಾಡುವ ಆಂಟೆನಾ ಇದ್ದರೆ ಅಷ್ಟಕ್ಕೇ ನಿಲ್ಲಿಸಿ. ಪಿಪಿಎಂ ತಿದ್ದುಪಡಿ (ಡಾಂಗಲ್‌ನ ಫ್ರೀಕ್ವೆನ್ಸಿ ತಪ್ಪನ್ನು ಹತ್ತು ಲಕ್ಷಕ್ಕೆ ಇಷ್ಟು ಅಂತ ಸರಿಪಡಿಸುವುದು) ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. 50 ಪಿಪಿಎಂ ತಪ್ಪಿದರೂ ಇಲ್ಲಿ 55 ಕಿಲೋಹರ್ಟ್ಸ್ ಆಚೀಚೆ ಆಗುತ್ತದೆ ಅಷ್ಟೇ. ಡಿಕೋಡರ್ ಕೇಳುವ ಅಗಲ ಎರಡು ಮೆಗಾಹರ್ಟ್ಸ್‌ಗಿಂತ ಜಾಸ್ತಿ.

ಓಡುತ್ತಾ ಓಡುತ್ತಾ ನಿಲ್ಲುತ್ತದೆ

ಇಲ್ಲಿ ನನ್ನ ಮೊದಲ ಅನುಮಾನ ಯಾವತ್ತೂ ಪವರ್ ಮೇಲೆ. ಪೈಗೆ ವೋಲ್ಟೇಜ್ ಸಾಲದಿದ್ದರೆ ಅದು ಒಮ್ಮೆಲೇ ಸಾಯುವುದಿಲ್ಲ. ಡಾಂಗಲ್ ಕಳಚಿಕೊಳ್ಳುತ್ತದೆ, ಸ್ಯಾಂಪಲ್ (ಡಾಂಗಲ್ ಕಳಿಸುವ ಸಿಗ್ನಲ್‌ನ ಅಳತೆಗಳು) ಬಿಟ್ಟುಹೋಗುತ್ತವೆ, ಎಸ್‌ಡಿ ಕಾರ್ಡ್‌ನಲ್ಲಿ ಬರಹ ಕೆಡುತ್ತದೆ. ಪೈಯ ವಿಸಿಜೆನ್‌ಸಿಎಂಡಿ ಕಮಾಂಡ್‌ನಲ್ಲಿ ಗೆಟ್ ಥ್ರಾಟಲ್ಡ್ ಅಂತ ಕೇಳಿ. ಸೊನ್ನೆ ಬಂದರೆ ಸರಿ. 50005 ಬಂದರೆ ಈಗಲೂ ವೋಲ್ಟೇಜ್ ಕಡಿಮೆ ಇದೆ. 50000 ಬಂದರೆ ಬೂಟ್ ಆದ ಮೇಲೆ ಯಾವಾಗಲೋ ಬಿದ್ದು ಎದ್ದಿದೆ. ಫೋನ್ ಚಾರ್ಜರ್ ಮೇಲೆ 5 ವೋಲ್ಟ್ ಅಂತ ಬರೆದಿದ್ದರೂ ತೆಳ್ಳನೆಯ ಯುಎಸ್‌ಬಿ ಕೇಬಲ್‌ನಲ್ಲಿ ಅದು ಇಳಿದುಬಿಡುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಾದರೆ ಪೈ ಎಚ್ಚರಿಸುತ್ತದೆ. ಪೈ 3ಕ್ಕೆ ಎರಡೂವರೆ ಆಂಪ್, ಪೈ 4ಕ್ಕೆ ಮೂರು ಆಂಪ್ ಕೊಡುವ, ಕೇಬಲ್ ಅಂಟಿಕೊಂಡೇ ಇರುವ ಅಡಾಪ್ಟರ್ ಹಾಕಿ.

ಪವರ್ ಸರಿ ಇದ್ದರೆ ಕರ್ನೆಲ್ ಲಾಗ್‌ನ ಕೊನೆಯ ಸಾಲುಗಳನ್ನು ಓದಿ. ಯುಎಸ್‌ಬಿ ಡಿಸ್‌ಕನೆಕ್ಟ್ ಅಂತಿದ್ದರೆ ಪೋರ್ಟ್, ಕೇಬಲ್ ಅಥವಾ ಡಾಂಗಲ್‌ನ ಬಿಸಿ. ಡಾಂಗಲ್ ಮುಟ್ಟಿದರೆ ಬಿಸಿ ಇರುವುದು ಸಹಜ. ಮುಚ್ಚಿದ ಡಬ್ಬಿಯಲ್ಲಿ ಬಿಸಿಲಿಗಿಟ್ಟಿದ್ದರೆ ಮಧ್ಯಾಹ್ನ ಮಾತ್ರ ನಿಲ್ಲುತ್ತದೆ, ಸಂಜೆ ತಾನಾಗಿ ಸರಿಹೋಗುತ್ತದೆ. ಗಾಳಿ ಆಡಲು ಜಾಗ ಮಾಡಿ, ನೆರಳಿಗೆ ಸರಿಸಿ. ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗಿದೆ ಅಂತಿದ್ದರೆ ಎಸ್‌ಡಿ ಕಾರ್ಡ್ ಸಾಯುತ್ತಿದೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ. ಸೆಟ್ಟಿಂಗ್ ನಕಲು ಮಾಡಿಕೊಂಡು ಹೊಸ ಕಾರ್ಡ್ ಹಾಕಿ.

ಮಳೆ ಬಂದ ಮೇಲೆ ದೂರ ಕುಗ್ಗಿ, ಬಿಸಿಲು ಬಂದ ಮೇಲೆ ನಿಧಾನವಾಗಿ ಹಿಗ್ಗಿದರೆ ಕನೆಕ್ಟರ್ ಒಳಗೆ ನೀರು ಹೋಗಿದೆ. ಜಾಲರಿ ಹಸಿರುಗಟ್ಟಿದ್ದರೆ ಅಷ್ಟು ಉದ್ದ ಕತ್ತರಿಸಿ ಹೊಸ ಕನೆಕ್ಟರ್ ಕಟ್ಟಬೇಕು. ಸ್ವಯಂ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಬಳಸು ಕೆಳಗೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಎಂಲ್ಯಾಟ್ ಮಾತ್ರ ಸೇರುತ್ತಿಲ್ಲ

ಎಂಲ್ಯಾಟ್ ಅಂದರೆ ಸ್ಥಾನ ಹೇಳದ ವಿಮಾನ ಎಲ್ಲಿದೆ ಅಂತ ನಾಲ್ಕಾರು ರಿಸೀವರ್‌ಗಳು ಸೇರಿ, ಸಿಗ್ನಲ್ ಯಾರಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಅನ್ನುವುದರಿಂದ ಲೆಕ್ಕ ಹಾಕುವುದು. ರೇಡಿಯೋ ತರಂಗ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಹಾಗಾಗಿ ಆಂಟೆನಾದ ಜಾಗವನ್ನು ಅಂದಾಜಿಗೆ ಕೊಟ್ಟರೆ ಆಗದು. ಎತ್ತರವನ್ನೂ ಸೇರಿಸಿ ಸರಿಯಾಗಿ ಕೊಡಿ. ಜಾಗ ಸರಿ ಇದ್ದೂ ಗಡಿಯಾರ ಅಸ್ಥಿರ ಅನ್ನುವ ದೂರು ಬಂದರೆ ಸ್ಯಾಂಪಲ್ ಕಳೆದುಹೋಗುತ್ತಿವೆ. ಈ ಡಾಂಗಲ್‌ಗಳಲ್ಲಿ ಬೇರೆ ಗಡಿಯಾರವಿಲ್ಲ, ಸ್ಯಾಂಪಲ್ ಎಣಿಸಿಯೇ ಹೊತ್ತು ತಿಳಿಯಬೇಕು. ಕೆಲವು ಬಿಟ್ಟುಹೋದರೆ ಹೊತ್ತು ಜಿಗಿಯುತ್ತದೆ. ಡಿಕೋಡರ್ ನಿಲ್ಲಿಸಿ ಆರ್‌ಟಿಎಲ್-ಟೆಸ್ಟನ್ನು ಕೆಲವು ನಿಮಿಷ ಓಡಿಸಿ. ಶುರುವಿನಲ್ಲಿ ಒಂದು ಸಲ ಬೈಟ್ ಕಳೆದದ್ದು ಲೆಕ್ಕಕ್ಕಿಲ್ಲ. ಮತ್ತೆ ಮತ್ತೆ ಕಳೆಯುತ್ತಿದ್ದರೆ ಪವರ್, ಯುಎಸ್‌ಬಿ ಹಬ್, ಅತಿಯಾದ ಸಿಪಿಯು ಹೊರೆ ಈ ಕ್ರಮದಲ್ಲಿ ನೋಡಿ. ವರ್ಚುವಲ್ ಮೆಷಿನ್ ಒಳಗೆ ಓಡಿಸುತ್ತಿದ್ದರೆ ಮೊದಲು ಅದರಿಂದ ಹೊರಗೆ ತಂದು ಪರೀಕ್ಷಿಸಿ.

ವಿಮಾನವೇ ತಪ್ಪು ಜಾಗ ಹೇಳಿದಾಗ

ಒಂದು ಪ್ರದೇಶದ ವಿಮಾನಗಳೆಲ್ಲ ಒಟ್ಟಿಗೆ ಸ್ಥಾನ ಕಳೆದುಕೊಂಡರೆ, ಅಥವಾ ಸುತ್ತುಸುತ್ತಾಗಿ ಅಸಾಧ್ಯ ಜಾಗಗಳಲ್ಲಿ ಕಂಡರೆ, ಅಲ್ಲಿ ಜಿಪಿಎಸ್‌ಗೆ ಯಾರೋ ಅಡ್ಡಿ ಮಾಡುತ್ತಿರಬಹುದು. ವಿಮಾನ ತನ್ನ ಜಿಪಿಎಸ್ ಹೇಳಿದ್ದನ್ನೇ ನಮಗೆ ಹೇಳುತ್ತದೆ. ವಿಮಾನದ ವಿವರ ತೆರೆದು ಎನ್‌ಐಸಿ, ಎನ್‌ಎಸಿಪಿ ಅನ್ನುವ ನಿಖರತೆಯ ಅಂಕಿಗಳನ್ನು ನೋಡಿ. ಸಾಮಾನ್ಯವಾಗಿ 8ರ ಆಸುಪಾಸು ಇರುವ ಅವು ಎಲ್ಲ ವಿಮಾನಕ್ಕೂ ಒಟ್ಟಿಗೆ ಸೊನ್ನೆಗೆ ಬಿದ್ದಿದ್ದು, ಮೆಸೇಜ್ ಎಣಿಕೆ ಮತ್ತು ಸಿಗ್ನಲ್ ಮಟ್ಟ ನಿನ್ನೆಯಂತೆಯೇ ಇದ್ದರೆ ನಿಮ್ಮ ಸೆಟ್ಟಿಂಗ್ ಯಾವುದನ್ನೂ ಮುಟ್ಟಬೇಡಿ. ಅಡ್ಡಿ ಇಲ್ಲದ ಕಡೆಗೆ ಬಂದ ಮೇಲೆ ಹೆಚ್ಚಿನ ವಿಮಾನಗಳ ಸ್ಥಾನ ಮತ್ತೆ ಸರಿಯಾಗಿ ಬರುತ್ತದೆ.